ಹಳತು ಮಾಡಿದ ಕೈ ಯಾರದು?

ಜೀನ್ಸ್ ಕಂಪನಿಗಳ ಮಾಲೀಕರಿಗೆ, ವಿನ್ಯಾಸಕಾರರಿಗೆ ನಮಸ್ಕಾರ.

ಹೊಚ್ಚಹೊಸ ಪ್ಯಾಂಟಿನ ಚೀಟಿಯ ಮೇಲೆ ‘ಡಿಸ್ಟ್ರೆಸ್ಡ್’ ಎಂದು ಅಚ್ಚು ಹಾಕಿಸುತ್ತೀರಿ. ಬಟ್ಟೆ, ಚರ್ಮ, ಮರದ ಸಾಮಾನಿನ ಮಾತು ಬಂದಾಗ ಅದು ಬೇಕೆಂದೇ ಸವೆಸಿ ಹಳತು ಮಾಡಿದ್ದು. ಮನುಷ್ಯರ ಮಾತು ಬಂದಾಗ ಸಂಕಟಕ್ಕೆ ಸಿಕ್ಕವರು. ಈ ಎರಡೂ ಅರ್ಥಗಳು ಒಂದೇ ಕೋಣೆಯಲ್ಲಿ ಕೂಡಿದ್ದನ್ನು ನಿಮಗೆ ನೆನಪಿಸಬೇಕಾಗಿದೆ.

ಡೆನಿಮ್‌ನಲ್ಲಿ ಹಾಸಿನ ನೂಲಿಗಷ್ಟೇ ನೀಲಿ ಬಣ್ಣ, ಹೊಕ್ಕು ಬಿಳಿ. ಹಾಸಿನ ನೂಲಿನಲ್ಲೂ ಬಣ್ಣ ಹೊರಮೈಗೆ ಮಾತ್ರ ಹತ್ತಿರುತ್ತದೆ. ಅದಕ್ಕೇ ಉಜ್ಜಿದಷ್ಟೂ ಬಿಳುಪು ಮೇಲೆ ಬರುತ್ತದೆ. ಹಾಸನ್ನು ಕತ್ತರಿಸಿದರೆ ಮಂಡಿಯ ಮೇಲೆ ಬಿಳಿ ಎಳೆಗಳು ಜಾಲರಿಯಂತೆ ಉಳಿಯುತ್ತವೆ. ವರ್ಷಗಟ್ಟಲೆ ತೊಟ್ಟು ದುಡಿದರೆ ಬರುವ ಈ ಸವೆತ ನಿಮಗೆ ನಿಮಿಷಗಳಲ್ಲಿ ಬೇಕಿತ್ತು.

ತುರ್ಕಿಯಲ್ಲಿ ಅದಕ್ಕೆ ಮರಳು ಬಳಸಿದರು. ಗಾಳಿಯಾಡದ ಸಣ್ಣ ಕೋಣೆಯಲ್ಲಿ ನಿಂತು ಕಂಪ್ರೆಸರ್ ಪೈಪಿನಿಂದ ಬಟ್ಟೆಗೆ ಮರಳು ಚಿಮ್ಮಿಸುವ ಕೆಲಸ. ಮಾಡಿದವರಲ್ಲಿ ಹಳ್ಳಿ ಬಿಟ್ಟು ಇಸ್ತಾಂಬುಲ್‌ಗೆ ಬಂದ ಹುಡುಗರೇ ಬಹಳ. ಕೆಲವರಿಗೆ 18 ಕೂಡ ತುಂಬಿರಲಿಲ್ಲ. ಅವರ ಶ್ವಾಸಕೋಶದಲ್ಲಿ ವೈದ್ಯರು ಕಂಡದ್ದು ಸಿಲಿಕೋಸಿಸ್, ನಮ್ಮ ಕೋಲಾರದ ಚಿನ್ನದ ಗಣಿ ಕಾರ್ಮಿಕರನ್ನು ಕಾಡಿದ ಅದೇ ಕಾಯಿಲೆ. ಗಣಿಯಲ್ಲಿ ಸಾಮಾನ್ಯವಾಗಿ ದಶಕಗಟ್ಟಲೆ ದೂಳು ಕುಡಿದವರಿಗೆ ಬರುವಂಥದ್ದು ಈ ಹುಡುಗರಿಗೆ ಕೆಲವೇ ವರ್ಷಗಳಲ್ಲಿ ಬಂತು. ವಾಸಿಯಾಗುವ ರೋಗವಲ್ಲ ಅದು. ಹಲವರು ಉಸಿರಿಗಾಗಿ ಒದ್ದಾಡಿಯೇ ಸತ್ತರು.

2009ರಲ್ಲಿ ತುರ್ಕಿ ಸರ್ಕಾರ ಈ ಪದ್ಧತಿಯನ್ನು ನಿಷೇಧಿಸಿತು. ಮರುವರ್ಷ ಲೀವೈಸ್, ಎಚ್ ಅಂಡ್ ಎಂ ಕಂಪನಿಗಳೂ ಕೈಬಿಡುವುದಾಗಿ ಘೋಷಿಸಿದವು. ಒಳ್ಳೆಯದೇ. ಆದರೆ ಬಾಂಗ್ಲಾದೇಶ, ಚೀನಾಗಳಲ್ಲಿ ಅದು ಆಮೇಲೂ ನಡೆಯಿತು. ಮರಳಿನ ಜಾಗಕ್ಕೆ ಹಲವೆಡೆ ಪೊಟ್ಯಾಸಿಯಂ ಪರ್ಮಾಂಗನೇಟ್ ಬಂತು. ಗಾಳಿ ತುಂಬಿದ ರಬ್ಬರ್ ಕಾಲುಗಳಿಗೆ ಪ್ಯಾಂಟು ತೊಡಿಸಿ, ತೊಡೆಯ ಭಾಗಕ್ಕೆ ಆ ನೇರಳೆ ನೀರನ್ನು ಸಿಂಪಡಿಸುತ್ತಾರೆ. ಒಳ್ಳೆಯ ಮಾಸ್ಕ್ ಇಲ್ಲದಿದ್ದರೆ ಅದರ ತುಂತುರು ಸಿಂಪಡಿಸುವವನ ಮೂಗು, ಗಂಟಲಿಗೇ ಹೋಗುತ್ತದೆ. ಈಗ ಲೇಸರ್ ಇದೆ. ದೂರದಿಂದಲೇ ಬಣ್ಣ ಸುಡುತ್ತದೆ. ಆದರೆ ಯಂತ್ರ ದುಬಾರಿ, ಕೂಲಿ ಅಗ್ಗ.

ನಮ್ಮ ಬಳ್ಳಾರಿಯಲ್ಲೂ ಜೀನ್ಸ್ ಹೊಲಿದು, ತೊಳೆದು ಬದುಕುವ ಮನೆಗಳು ಬಹಳ. ಅವರ ಕೂಲಿಗೆ ಕಲ್ಲು ಹಾಕುವುದು ನನ್ನ ಉದ್ದೇಶವಲ್ಲ, ಹರಿದ ಜೀನ್ಸ್ ತೊಡುವ ಮಕ್ಕಳನ್ನು ಬೈಯುವುದೂ ಅಲ್ಲ. ಕೇಳುವುದು ನಿಮ್ಮನ್ನೇ. ಹತ್ತಿ ಎಷ್ಟು ಪಾಲು, ಯಾವ ನೀರಿನಲ್ಲಿ ಒಗೆಯಬೇಕು ಎಂದೆಲ್ಲ ಚೀಟಿಯಲ್ಲಿ ಬರೆಯುತ್ತೀರಲ್ಲ, ಈ ಬಟ್ಟೆಯನ್ನು ಸವೆಸಿದ್ದು ಮರಳೋ, ಪರ್ಮಾಂಗನೇಟೋ, ಲೇಸರ್ರೋ, ಯಾವ ಊರಿನ ಘಟಕದಲ್ಲಿ ಎಂಬುದನ್ನೂ ಬರೆಯಿರಿ. ಹಣ ಕೊಡುವ ಮೊದಲು ಅದು ನಮಗೆ ತಿಳಿಯಬೇಕು.

ಇತಿ,
ನಿಮ್ಮ ಗಿರಾಕಿ