ಖಾಲಿ ಪ್ಯಾಕೇಜಿನ ವಿಚಾರಣೆ

(ಕೋಲಾರ ಗೋಲ್ಡ್ ಫೀಲ್ಡ್ಸ್‌ನ ಊರಿಗಾಂ. ಗಣಿಯ ನಿವೃತ್ತ ಟೈಮ್‌ಕೀಪರ್ ತಾತ, ಮೊಮ್ಮಗನ ಡೆಬಿಯನ್ ಲ್ಯಾಪ್‌ಟಾಪಿನ ಮುಂದೆ.)

ತಾತ: ಹೆಸರು?

ಪ್ಯಾಕೇಜ್: ಫಾಂಟ್ಸ್-ಕೆಎನ್‌ಡಿಎ. ಕನ್ನಡ ಅಕ್ಷರಗಳ ಹೊಣೆ ನನ್ನದು.

ತಾತ: ಜೇಬು ತೋರಿಸು. ಎಲ್ಲಯ್ಯ ಅಕ್ಷರ?

ಪ್ಯಾಕೇಜ್: ನನ್ನಲ್ಲಿಲ್ಲ. ಗುಬ್ಬಿ, ನವಿಲು ಅಂತ ಫಾಂಟುಗಳಿವೆ. ನವಿಲಿನದು ಕೈಬರಹದ ಶೈಲಿ, ನೋಡೋಕೆ ಚೆಂದ.

ತಾತ: ಅವರ ಚೆಂದ ಆಮೇಲೆ. ನಿನ್ನೊಳಗೇನಿದೆ?

ಪ್ಯಾಕೇಜ್: ಲೈಸೆನ್ಸ್ ಪತ್ರ. ಬದಲಾವಣೆಗಳ ದಾಖಲೆ. ಅಷ್ಟೇ.

ತಾತ: ದುಡಿಮೆ ಅವರದು, ಹಾಜರಿ ನಿನ್ನದು! ನಮ್ಮಲ್ಲಿ ಇಂಥವರನ್ನ ಸೂಪರ್‌ವೈಸರ್ ಅಂತಿದ್ವಿ.

ಪ್ಯಾಕೇಜ್: ನನ್ನನ್ನು ಕರೆದರೆ ಅವರೂ ಬರ್ತಾರೆ, ಸ್ವಾಮಿ. ಡಿಪೆಂಡೆನ್ಸಿ.

ತಾತ: ಕಿತ್ತು ಹಾಕಿದರೆ?

ಪ್ಯಾಕೇಜ್: ತಕ್ಷಣ ಏನೂ ಆಗಲ್ಲ. ಆಮೇಲೆ ಯಾರಾದರೂ 'ಆಟೋರಿಮೂವ್' ಒತ್ತಿದರೆ, ನನ್ನ ನೆಪದಲ್ಲಿ ಬಂದವರೆಲ್ಲ ಗಂಟುಮೂಟೆ ಕಟ್ಟಬೇಕು.

ತಾತ: (ಕನ್ನಡಕ ತೆಗೆದು) ಅದು ಗೊತ್ತು ಬಿಡು. 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದರು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿಯಲ್ಲೀಗ ನೀರು. ಊರಿನ ಹೆಸರಲ್ಲಿ 'ಗೋಲ್ಡ್' ಮಾತ್ರ ಹಾಗೇ ಇದೆ.

ಪ್ಯಾಕೇಜ್: ಓಹೋ, ನಮ್ಮವರೇ! ನಿಮ್ಮ ಡಿಪೆಂಡೆನ್ಸಿ?

ತಾತ: ಬೆಳಗಿನ ಬೆಂಗಳೂರು ರೈಲು.

ಪ್ಯಾಕೇಜ್: ಅಪ್‌ಡೇಟ್ ಬರುತ್ತಾ?

ತಾತ: ಬರುತ್ತೆ, ಎಲೆಕ್ಷನ್ ಹತ್ತಿರ ಬಂದಾಗ.