ಕಿರಿಕಿರಿ ರಸ ಮೀಮಾಂಸೆ

ಭರತಮುನಿ ಎಣಿಸಿದ್ದು ಎಂಟೇ ರಸ. ಶಾಂತವನ್ನು ಒಂಬತ್ತನೆಯದಾಗಿ ಒಪ್ಪಿಕೊಳ್ಳಲು ಪಂಡಿತರು ಶತಮಾನಗಟ್ಟಲೆ ವಾದ ಮಾಡಿದರು. ಹತ್ತನೆಯದಕ್ಕೆ ಆ ರಗಳೆಯೇ ಬೇಕಾಗಲಿಲ್ಲ. 2008ರ ಡಿಸೆಂಬರಿನಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯನ್ನು ತಿದ್ದಿದ ನಮ್ಮ ಸಂಸತ್ತು, ಚರ್ಚೆಯ ಗೋಜಿಗೆ ಹೆಚ್ಚು ಹೋಗದೆ 66ಎ ಎಂಬ ಸೂತ್ರ ರಚಿಸಿ ಕಿರಿಕಿರಿಗೆ ರಸಪಟ್ಟ ಕಟ್ಟಿತು. ಆಲಂಕಾರಿಕರ ಕಣ್ಣಿಗೆ ಬೀಳದ ಈ ಕೃತಿಯ ವಿವೇಚನೆಯೇ ಪ್ರಸ್ತುತ ಪ್ರಬಂಧದ ಉದ್ದೇಶ.

ಲಕ್ಷಣ: ಕಂಪ್ಯೂಟರ್, ಮೊಬೈಲಿನಿಂದ ಹೊರಟ ಸಂದೇಶ ‘ತೀರಾ ಆಕ್ಷೇಪಾರ್ಹ’ವಾಗಿದ್ದರೆ, ಇಲ್ಲವೇ ಕಿರಿಕಿರಿ, ಅನನುಕೂಲ ಉಂಟುಮಾಡಲೆಂದು ಕಳಿಸಿದ್ದರೆ ಮೂರು ವರ್ಷದವರೆಗೆ ಸೆರೆ, ಜೊತೆಗೆ ದಂಡ. ಕಿರಿಕಿರಿ ಎಂದರೇನು? ಸೂತ್ರಕಾರರು ಮೌನ. ಮಂದಮತಿಗಳು ಇದನ್ನು ಲೋಪವೆನ್ನುತ್ತಾರೆ. ಬಲ್ಲವರು ಧ್ವನಿ ಎನ್ನುತ್ತಾರೆ. ‘ತೀರಾ ಆಕ್ಷೇಪಾರ್ಹ’ ಎಂಬ ಪದಪುಂಜವಂತೂ ಟೆಲಿಫೋನ್ ಕರೆಗಳಿಗಾಗಿ ಬ್ರಿಟನ್ನಿನ 1935ರ ಅಂಚೆ ಕಾಯ್ದೆಯಲ್ಲಿ ಹುಟ್ಟಿದ್ದು. ಹೀಗಾಗಿ ಕೃತಿಗೆ ಪ್ರಾಚೀನತೆಯ ಗೌರವವೂ ಉಂಟು.

ರಸಸಾಮಗ್ರಿ: ಆಲಂಬನ ವಿಭಾವ, ನಾಯಕ ಅಥವಾ ನಾಯಕಿ (ಆಡಳಿತ ಪಕ್ಷದವರಾದರೆ ಉತ್ತಮ). ಉದ್ದೀಪನ ವಿಭಾವ, ವ್ಯಂಗ್ಯಚಿತ್ರ. ಅನುಭಾವ, ಎಫ್‌ಐಆರ್. ಸ್ವೇದ, ಕಂಪ, ಸ್ವರಭಂಗಗಳೆಂಬ ಸಾತ್ತ್ವಿಕ ಭಾವಗಳು ಆರೋಪಿಯಲ್ಲಿ ಪ್ರಕಟವಾಗುತ್ತವೆ. ದೂರುದಾರನೇ ಸಹೃದಯ. ಬರೆದವನ ಉದ್ದೇಶ ಏನೇ ಇರಲಿ, ಸಹೃದಯನಿಗೆ ಉರಿ ಹತ್ತಿದರೆ ರಸನಿಷ್ಪತ್ತಿಯಾಯಿತೆಂದೇ ಲೆಕ್ಕ.

ಉದಾಹರಣೆಗಳು: 2012ರ ಏಪ್ರಿಲಿನಲ್ಲಿ ಜಾದವಪುರ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಮುಖ್ಯಮಂತ್ರಿ ಮಮತಾ ಬ್ಯಾನರ್ಜಿಯವರ ಕುರಿತ ವ್ಯಂಗ್ಯಚಿತ್ರವೊಂದನ್ನು ಇಮೇಲಿನಲ್ಲಿ ಕಳಿಸಿ ಬಂಧನಕ್ಕೊಳಗಾದರು; ಪ್ರಕರಣದಿಂದ ಬಿಡುಗಡೆ ಸಿಕ್ಕಿದ್ದು 2023ರ ಜನವರಿಯಲ್ಲಿ. ಅದೇ 2012ರ ನವೆಂಬರಿನಲ್ಲಿ ಬಾಳ ಠಾಕ್ರೆ ತೀರಿಕೊಂಡು ಮುಂಬಯಿ ಸ್ತಬ್ಧವಾದಾಗ, ಬಂದ್ ಏಕೆಂದು ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಕೇಳಿದಳು; ಗೆಳತಿ ಲೈಕ್ ಒತ್ತಿದಳು. ಇಬ್ಬರೂ ಬಂಧಿತರಾದರು. ಕೇಳಿದವಳ ಚಿಕ್ಕಪ್ಪನ ಆಸ್ಪತ್ರೆಗೆ ಗುಂಪು ನುಗ್ಗಿ ಪುಡಿಗಟ್ಟಿತು. ಆದರೆ ಕುರ್ಚಿ, ಗಾಜು ಒಡೆಯುವುದು ಕಂಪ್ಯೂಟರ್ ಮೂಲಕ ನಡೆಯುವ ಕ್ರಿಯೆಯಲ್ಲವಾದ್ದರಿಂದ ನಮ್ಮ ಶಾಸ್ತ್ರದ ವ್ಯಾಪ್ತಿಗೆ ಬರದು.

ಪೂರ್ವಪಕ್ಷ: ಶ್ರೇಯಾ ಸಿಂಘಲ್ ಎಂಬ ಕಾನೂನು ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿನಲ್ಲಿ ಈ ಸೂತ್ರವನ್ನು ಪ್ರಶ್ನಿಸಿದರು. ನೆರೆಮನೆಯ ಜಗಳದಿಂದ ರಾಜಕೀಯ ಟೀಕೆಯವರೆಗೆ ಎಲ್ಲವನ್ನೂ ಬಾಚಿಕೊಳ್ಳುವ ಲಕ್ಷಣಕ್ಕೆ ತರ್ಕಶಾಸ್ತ್ರದಲ್ಲಿ ಅತಿವ್ಯಾಪ್ತಿ ದೋಷವೆನ್ನುತ್ತಾರೆ. ದುರುಪಯೋಗ ಮಾಡುವುದಿಲ್ಲವೆಂದು ಸರ್ಕಾರ ಭರವಸೆ ಕೊಟ್ಟಿತು. ಸರ್ಕಾರಗಳು ಬಂದು ಹೋಗುತ್ತವೆ, ಕಲಮು ಮಾತ್ರ ಉಳಿಯುತ್ತದೆ ಎಂದು ಪೀಠ ಅದನ್ನು ಒಪ್ಪಲಿಲ್ಲ. 2015ರ ಮಾರ್ಚ್ 24ರಂದು ನ್ಯಾಯಮೂರ್ತಿ ಚಲಮೇಶ್ವರ್ ಮತ್ತು ನಾರಿಮನ್ ಅವರು, ಇದು ಸಂವಿಧಾನದ 19(1)(ಎ) ವಿಧಿ ನೀಡಿದ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಇಡೀ ಸೂತ್ರವನ್ನೇ ರದ್ದುಮಾಡಿದರು.

ಸಿದ್ಧಾಂತ: ಅಲ್ಪಜ್ಞರು ಇಲ್ಲಿಗೆ ಗ್ರಂಥ ಮುಗಿಯಿತೆಂದುಕೊಂಡರು. ಆದರೆ ಸಂಚಾರಿ ಭಾವಗಳು ಬಂದು ಹೋಗುತ್ತವೆ, ಸ್ಥಾಯಿ ಎಲ್ಲಿ ಹೋದೀತು? 2021ರಲ್ಲಿ ನೋಡಿದರೆ, ಇಲ್ಲದ ಈ ಕಲಮಿನಡಿ 11 ರಾಜ್ಯಗಳಲ್ಲಿ 745 ಪ್ರಕರಣಗಳು ಬಾಕಿಯಿವೆಯೆಂಬ ಮಾಹಿತಿ ಕೋರ್ಟಿನ ಮುಂದೆ ಬಂತು. ನ್ಯಾಯಮೂರ್ತಿಗಳೇ ದಂಗಾದರು. ಇನ್ನು ಮುಂದೆ ಯಾರ ಮೇಲೂ ಇದನ್ನು ಹಾಕಬೇಡಿ ಎಂದು 2022ರ ಅಕ್ಟೋಬರಿನಲ್ಲಿ ಮತ್ತೊಮ್ಮೆ ಆದೇಶಿಸಬೇಕಾಯಿತು. ಕಲಮು ಉಳಿಯುತ್ತದೆಂಬ ಪೀಠದ ಮಾತನ್ನು ಪೊಲೀಸ್ ಠಾಣೆಗಳಷ್ಟು ಶ್ರದ್ಧೆಯಿಂದ ಪಾಲಿಸಿದವರಿಲ್ಲ. ಪರಂಪರೆಗೆ ವಾರಸುದಾರರೂ ಇದ್ದಾರೆ: 2025ರ ಜೂನ್‌ನಲ್ಲಿ ಹೊರಬಿದ್ದ ಕರ್ನಾಟಕದ ಸುಳ್ಳುಸುದ್ದಿ ತಡೆ ಮಸೂದೆಯ ಕರಡಿನಲ್ಲಿ ಸೆರೆವಾಸ ಏಳು ವರ್ಷಕ್ಕೆ ಏರಿತ್ತು.

ಫಲಶ್ರುತಿ: ಮಾಡಿದವನು, ಮಾಡಿಸಿದವನು, ಪ್ರೇರೇಪಿಸಿದವನು, ಅನುಮೋದಿಸಿದವನು, ನಾಲ್ವರಿಗೂ ಫಲ ಸಮಪಾಲು ಎನ್ನುತ್ತಾರೆ ಹಿರಿಯರು. ಆದ್ದರಿಂದ ಈ ಪ್ರಬಂಧ ಮೆಚ್ಚುಗೆಯಾದವರು ಮನಸ್ಸಿನಲ್ಲೇ ತಲೆದೂಗಿ. ಲೈಕ್ ಮಾತ್ರ ಒತ್ತಬೇಡಿ.