ಒಂದಾಣೆ ಟ್ಯಾಂಕು

ನಮ್ಮ ಬ್ಯಾಡಗಿಯಲ್ಲಿ ಟ್ಯಾಂಕು ಎಂದರೆ ಮಾಳಿಗೆಯ ಮೇಲೆ ಕೂರುವ, ನೀರು ತುಂಬುವ, ತುಂಬಿ ಚೆಲ್ಲಿದಾಗ ಮನೆಯ ಗಂಡಸಿಗೆ ಬೈಗುಳ ತರಿಸುವ ಕರೀ ಡ್ರಮ್ಮು. ಹೀಗಾಗಿ ನಾನು ಟ್ಯಾಂಕು ಕಟ್ಟುತ್ತಿದ್ದೇನೆ ಎಂಬ ಸುದ್ದಿ ಓಣಿಗೆ ಹಬ್ಬಿದಾಗ ಯಾರೂ ನಗಲಿಲ್ಲ. ಎದುರುಮನೆಯವರು "ಎಷ್ಟ ಲೀಟರಿಂದ್ರಿ?" ಎಂದು ಕೇಳಿದರು. ಗೌಂಡಿಯೊಬ್ಬ ಕೆಲಸ ಕೇಳಿಕೊಂಡು ಬಾಗಿಲಿಗೇ ಬಂದ. "ಇದು ನೀರಿಂದಲ್ಲಪಾ, ರಣರಂಗದ್ದು" ಎಂದೆ. "ಅದ್ಯಾವ ಲೇಔಟ್ ಬಂತ್ರಿ?" ಎಂದ.

ಅವರದೇನೂ ತಪ್ಪಿಲ್ಲ. 1916ರಲ್ಲಿ ಇಂಗ್ಲಿಷರು ಈ ಉಕ್ಕಿನ ಪ್ರಾಣಿಯನ್ನು ಮೊದಲ ಸಲ ಯುದ್ಧಕ್ಕೆ ಇಳಿಸುವ ಮುಂಚೆ, ಗುಟ್ಟು ಹೊರಬೀಳಬಾರದೆಂದು ಇದನ್ನು ನೀರಿನ ಟ್ಯಾಂಕು ಎಂದೇ ಹೇಳಿಕೊಂಡು ಓಡಾಡಿದ್ದರು. ಆಮೇಲೆ ಆ ಸುಳ್ಳು ಹೆಸರೇ ನಿಂತುಬಿಟ್ಟಿತು. ಜರ್ಮನ್ ಗೂಢಚಾರರಿಗೆಂದು ಹೂಡಿದ ಸುಳ್ಳು ನೂರು ವರ್ಷ ದಾಟಿದ ಮೇಲೂ ನಮ್ಮ ಓಣಿಯಲ್ಲಿ ಗಟ್ಟಿಮುಟ್ಟಾಗಿ ಕೆಲಸ ಮಾಡುತ್ತಿದೆ. ನಾನೂ ಅದರ ಲಾಭ ಪಡೆದವನೇ.

ವಿಷಯ ಏನಪ್ಪಾ ಅಂದರೆ, ನಮ್ಮ ಮಾಳಿಗೆ ಮೇಲಿನ ನೀರಿನ ಟ್ಯಾಂಕು ಎರಡು ವರ್ಷದಿಂದ ಸೋರುತ್ತಿತ್ತು. ಸಿಮೆಂಟು, ಡಾಂಬರು, ಒಮ್ಮೆ ಮಗ ಅಗಿದ ಬಬಲ್‌ಗಮ್ಮು, ಎಲ್ಲ ಮೆತ್ತಿ ಆಗಿತ್ತು. ಒಂದು ರಾತ್ರಿ ಹೆಂಡತಿ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಾಗ ನಾನು ಮೆಲ್ಲಗೆ, "ರಿಮೋಟಿಂದು ಒಂದು ಟ್ಯಾಂಕಿಗೆ ರೊಕ್ಕ ತುಂಬೇನಿ" ಎಂದೆ. ಧರ್ಮರಾಯ ಅಶ್ವತ್ಥಾಮನ ಸುದ್ದಿ ಹೇಳಿದಾಗ ಆನೆಯ ಮಾತನ್ನು ಶಂಖದ ಸದ್ದು ನುಂಗಿತಂತಲ್ಲ, ಇಲ್ಲಿ ರಿಮೋಟಿನ ಮಾತನ್ನು ರೊಟ್ಟಿಯ ಸದ್ದು ನುಂಗಿತು. "ಅಂತೂ ಬುದ್ಧಿ ಬಂತಲ್ರಿ ನಿಮಗ!" ಎಂದು ಅವಳು ನನ್ನ ರೊಟ್ಟಿಯ ಮೇಲೆ ಬೆಣ್ಣೆಯ ಉಂಡೆಯನ್ನೇ ಇಟ್ಟಳು. ಧರ್ಮರಾಯನ ರಥ ನೆಲಕ್ಕಿಳಿಯಿತು. ನಾನು ಬೆಣ್ಣೆ ತಿಂದೆ.

ಎಂಟು ದಿನಕ್ಕೆ ಪಾರ್ಸೆಲ್ಲು ಬಂತು. ಬೂಟಿನ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಹೆಂಡತಿ ಅದನ್ನು ಸುತ್ತು ಹಾಕಿ ನೋಡಿದಳು. "ಇದರಾಗ ನೀರ ಎಷ್ಟ ಹಿಡೀತಾವ್ರಿ? ಒಂದ್ ತಂಬಗಿ?"

ಆಗ ಬಾಯಿ ಬಿಡಲೇಬೇಕಾಯಿತು. ಇದು ಷರ್ಮನ್ ಟ್ಯಾಂಕು, ನಿಜವಾದದ್ದರ ಹದಿನಾರರಲ್ಲೊಂದು ಅಳತೆ, ರೂಪಾಯಿಗೆ ಒಂದಾಣೆ ಇದ್ದ ಹಾಗೆ, ಎಂದು ಬಿಡಿಸಿ ಹೇಳಿದೆ. ನಾನು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವ; ಅಂಕಿ ಎದುರಿಗೆ ಬಂದರೆ ನಾಲಿಗೆ ನಿಲ್ಲುವುದಿಲ್ಲ. ಉದ್ದಕ್ಕೆ ಹದಿನಾರು, ಅಗಲಕ್ಕೆ ಹದಿನಾರು, ಎತ್ತರಕ್ಕೆ ಹದಿನಾರು, ಗುಣಿಸಿದರೆ 4096. ಆದ್ದರಿಂದ ಮೂವತ್ತು ಟನ್ನಿನ ಟ್ಯಾಂಕು ಈ ಅಳತೆಗೆ ಇಳಿದರೆ ಏಳು ಕಿಲೋ ಚಿಲ್ಲರೆ ತೂಗಬೇಕು, ಆದರೆ ಪ್ಲಾಸ್ಟಿಕ್ಕಿನದಾದ್ದರಿಂದ ಇನ್ನೂ ಹಗುರ, ಎಂದು ಒದರಿದೆ.

"ರೊಕ್ಕ ಎಷ್ಟ?"

"ಇಪ್ಪತ್ತೆರಡು ಸಾವಿರ."

"ತೂಕ ಒಂದಾಣೆನೂ ಇಲ್ಲ, ರೊಕ್ಕ ಮಾತ್ರ ಹದಿನಾರಾಣೆ!" ಎಂದು ಒಳಗೆ ಹೋದಳು. ಅವಳು ಲೆಕ್ಕ ಕಲಿತವಳಲ್ಲ. ಕಲಿತಿದ್ದರೆ ನನ್ನ ನೌಕರಿ ಹೋಗುತ್ತಿತ್ತು.

ತಂದದ್ದು ಮಗನಿಗೆಂದು ಸಾರಿದೆ. ಇದು ಎಲ್ಲ ಅಪ್ಪಂದಿರೂ ಮಾಡುವುದೇ. ನೀವೂ ಮಾಡಿದ್ದೀರಿ, ಮುಖ ತಿರುಗಿಸಬೇಡಿ. ಮಗ ಡಬ್ಬಿಯ ಮೇಲಿನ ಚಿತ್ರ ನೋಡಿ, "ಇದರಾಗ ಗೇಮ್ ಐತೇನಪ್ಪಾ?" ಎಂದು ಕೇಳಿ, ಇಲ್ಲ ಎಂದ ಕೂಡಲೇ ಮೊಬೈಲಿಗೆ ಹಿಂತಿರುಗಿದ. ನನಗೆ ಅದೇ ಬೇಕಾಗಿತ್ತು.

ಷರ್ಮನ್ನೇ ಯಾಕೆ ಎಂದರೆ, ನಾವು ಸಣ್ಣವರಿದ್ದಾಗ ನಮ್ಮಪ್ಪ ನಮಗೆ ಹೇಳುತ್ತಿದ್ದ ಒಂದೇ ಯುದ್ಧದ ಕತೆ ಅದರದು. 1965ರ ಸೆಪ್ಟೆಂಬರ್, ಪಂಜಾಬದ ಅಸಲ್ ಉತ್ತರ್. ಪಾಕಿಸ್ತಾನದವರು ಅಮೆರಿಕದ ಪ್ಯಾಟನ್ ಟ್ಯಾಂಕು ಕಟ್ಟಿಕೊಂಡು ಬಂದರೆ, ನಮ್ಮ ಡೆಕ್ಕನ್ ಹಾರ್ಸ್ ದಳದವರು ಮಹಾಯುದ್ಧದ ಕಾಲದ ಹಳೇ ಷರ್ಮನ್‌ಗಳಲ್ಲಿ ಕುಳಿತಿದ್ದರು. ನಮ್ಮವರು ಕಬ್ಬಿನ ಹೊಲಗಳಿಗೆ ಕಾಲುವೆಯ ನೀರು ನುಗ್ಗಿಸಿದರು. ನಲವತ್ತು ಟನ್ನು ದಾಟಿದ ಪ್ಯಾಟನ್‌ಗಳು ರಾಡಿಯಲ್ಲಿ ಎಮ್ಮೆಗಳ ಹಾಗೆ ಹೂತು ನಿಂತವು. ಜೀಪಿಗೆ ಕಟ್ಟಿದ ತೋಪಿನಿಂದ ಒಂದಾದ ಮೇಲೊಂದು ಟ್ಯಾಂಕು ಹೊಡೆದ ಅಬ್ದುಲ್ ಹಮೀದರು ಅಲ್ಲೇ ಮಡಿದರು, ಪರಮವೀರ ಚಕ್ರ ಪಡೆದರು. ಮೂರು ದಿನದಲ್ಲಿ ಶತ್ರುಗಳ ನೂರರ ಹತ್ತಿರ ಟ್ಯಾಂಕು ಹೋದವು. ಈ ಕತೆ ಹೇಳುವಾಗ ಅಪ್ಪ ಕುರ್ಚಿಯ ಮೇಲೆ ಎದ್ದು ನಿಲ್ಲುತ್ತಿದ್ದರು. ಗೆದ್ದವರ ಕಡೆಯ ಟ್ಯಾಂಕು ನಮ್ಮ ಮನೆಯಲ್ಲೊಂದು ಇರಲಿ ಎಂಬುದು ನನ್ನ ನಲವತ್ತು ವರ್ಷದ ಆಸೆ. ನೀರಿನ ಭಾಗ ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಸೋಮವಾರ, ಗುರುವಾರ ಮೆಣಸಿನಕಾಯಿ ಪೇಟೆ. ಆ ಎರಡು ದಿನ ನಮಗೆ ಉಸಿರಾಡಲೂ ಪುರುಸೊತ್ತಿಲ್ಲ. ಎಳೆದರೆ ಸೀನು, ಬಿಟ್ಟರೆ ಕೆಮ್ಮು. ಉಳಿದ ರಾತ್ರಿಗಳಲ್ಲಿ ಕಾರ್ಖಾನೆ ತೆರೆದೆ. ಮೊದಲಿಗೆ ಚೈನು. ಒಂದೊಂದು ಬದಿಗೂ ಎಪ್ಪತ್ತಕ್ಕೂ ಹೆಚ್ಚು ಕೊಂಡಿ, ಪ್ರತಿ ಕೊಂಡಿಗೂ ಸೂಜಿಯಷ್ಟು ದಪ್ಪದ ಪಿನ್ನು. ಹೆಂಗಸರು ಮಲ್ಲಿಗೆ ಪೋಣಿಸುವುದನ್ನು ನೋಡಿದ್ದೆ, ಇದೇನು ಮಹಾ ಎಂದುಕೊಂಡಿದ್ದೆ. ಎಡಚೈನು ಮುಗಿಸಲು ನನಗೆ ನಾಲ್ಕು ರಾತ್ರಿ ಹಿಡಿಯಿತು. ಬಲಚೈನನ್ನು ಅವ್ವ ಕನ್ನಡಕವೂ ಇಲ್ಲದೆ, ಟಿವಿಯಲ್ಲಿ ಧಾರಾವಾಹಿ ನೋಡುತ್ತಾ ಒಂದೇ ಸಂಜೆ ಪೋಣಿಸಿಟ್ಟಳು. "ಇನ್ನೊಂದ ಮೊಳ ಪೋಣಿಸಲೇನೋ ತಮ್ಮಾ?" ಎಂದು ಕೇಳಿದಳು.

ಆಮೇಲೆ ವೈರಿಂಗು. ಸಾಲ್ಡರ್ ಮಾಡುವ ಕಡ್ಡಿಯ ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸುತ್ತಿರಬೇಕು ಎಂದು ಬರೆದಿತ್ತು. ಮನೆಯಲ್ಲಿ ಇದ್ದ ಸ್ಪಂಜು ಒಂದೇ. ಮರುದಿನದ ಚಹಾಕ್ಕೆ ಸುಟ್ಟ ಸೀಸದ ವಾಸನೆ ಬಂದಾಗ ಎಲ್ಲಕ್ಕಿಂತ ಮೊದಲು "ಹಾಲು ಕೆಟ್ಟೈತಿ" ಎಂದವನು ನಾನೇ.

ಈ ಟ್ಯಾಂಕಿಗೆ ಸ್ಟೇರಿಂಗು ಇಲ್ಲ ಎಂಬುದು ನಿಮಗೆ ಗೊತ್ತೇ? ಎಡಚೈನಿಗೊಂದು ಮೋಟಾರು, ಬಲಚೈನಿಗೊಂದು ಮೋಟಾರು. ಎಡಕ್ಕೆ ಹೊರಳಬೇಕಾದರೆ ಎಡದ್ದನ್ನು ನಿಲ್ಲಿಸಿ ಬಲದ್ದನ್ನು ಓಡಿಸಬೇಕು. ಚಕ್ಕಡಿ ಹೊರಳಿಸುವಾಗ ಎಡ ಎತ್ತಿನ ಹಗ್ಗ ಜಗ್ಗಿ ಬಲ ಎತ್ತನ್ನು ಚಪ್ಪರಿಸುತ್ತೇವಲ್ಲ, ಅದೇ ವಿದ್ಯೆ. ಇದನ್ನು ಮನೆಮಂದಿಗೆಲ್ಲ ಗತ್ತಿನಿಂದ ವಿವರಿಸಿ, ರಿಮೋಟಿಗೂ ರಿಸೀವರಿಗೂ ಬೈಂಡ್ ಮಾಡಿದೆ. ಗುಂಡಿ ಒತ್ತಿ ಹಿಡಿಯಬೇಕು, ಮಿಣಕುವ ದೀಪ ಸ್ಥಿರವಾಗಿ ನಿಲ್ಲಬೇಕು. ನಿಂತಿತೆಂದರೆ ಆ ರಿಸೀವರು ಆ ಒಂದು ರಿಮೋಟು ಬಿಟ್ಟು ಬೇರೆ ಯಾರ ಮಾತೂ ಕೇಳುವುದಿಲ್ಲ. "ಥೇಟ್ ಲಗ್ನ ಇದ್ದಂಗ" ಎಂದೆ. "ಹೌದ್ರಿ, ದೀಪ ನಿಂತ ಮ್ಯಾಲ ಮಿಣಕಬಾರದು" ಎಂದಳು ಹೆಂಡತಿ.

ಮುಂದಕ್ಕೆ ಎಂದು ಕೋಲು ತಳ್ಳಿದೆ. ಒಂದು ಚೈನು ಹಾವೇರಿ ಕಡೆ ಹೊರಟಿತು, ಇನ್ನೊಂದು ರಾಣೆಬೆನ್ನೂರ ಕಡೆ. ಷರ್ಮನ್ನು ನಿಂತಲ್ಲೇ ಬುಗುರಿಯ ಹಾಗೆ ತಿರುಗಿತು. ದೇವರಕೋಣೆಯ ಹೊಸ್ತಿಲ ಮುಂದೆ ಏಳು ಸುತ್ತು. ಅವ್ವ ಕೈಮುಗಿದು, "ಕದರಮಂಡಲಗಿ ಹಣಮಪ್ಪಗ ಏನರ ಹರಕಿ ಬಾಕಿ ಉಳಸೀಯೇನೋ?" ಎಂದಳು. ನಾನು ರಾತ್ರಿ ಹನ್ನೊಂದರ ತನಕ ಸರ್ಕಿಟು ಬೋರ್ಡು, ರಿಸೀವರು, ಬ್ಯಾಟರಿ ಎಲ್ಲ ಬಿಚ್ಚಿ, ಎಲ್ಲವನ್ನೂ ಬೈದು, ಎಲ್ಲವನ್ನೂ ಜೋಡಿಸಿದೆ. ಪಿಯುಸಿ ಓದುವ ಮಗಳು ನೀರು ಕುಡಿಯಲು ಎದ್ದವಳು ನಿದ್ದೆಗಣ್ಣಲ್ಲಿ ಬಗ್ಗಿ ನೋಡಿ, "ಅಪ್ಪಾ, ಒಂದು ಮೋಟರಿಗೆ ಕೆಂಪು ಕರಿ ವೈರ್ ಅದಲಬದಲ ಆಗ್ಯಾವ" ಎಂದು ಹೇಳಿ ಹೋಗಿ ಮಲಗಿದಳು. ಬದಲಿಸಿದೆ, ಸರಿಹೋಯಿತು. ಬೆಳಿಗ್ಗೆ ಎದ್ದು, "ಕಡೀಕೆ ನಾನ ಕಂಡಹಿಡದೆ" ಎಂದೆ. ಅವಳಿಗೆ ರಾತ್ರಿಯದು ನೆನಪಿರಲಿಲ್ಲ. ಹಣಮಪ್ಪನಿಗೆ ಇತ್ತು ಎಂದು ಕಾಣುತ್ತದೆ.

ಯಾಕೆಂದರೆ ಅವತ್ತೇ ತೋಪಿನ ಗೋಪುರ ಕೆಟ್ಟಿತು. ಗೋಪುರ ಸುತ್ತಲೂ ತಿರುಗುವಂಥದ್ದು. ಅದರೊಳಗಿನ ಮೋಟಾರಿಗೆ, ದೀಪಕ್ಕೆ ಕೆಳಗಿನಿಂದ ವೈರು ಹೋಗಬೇಕು. ಮಗನಿಗೆ ಇದ್ದಕ್ಕಿದ್ದಂತೆ ಆಸಕ್ತಿ ಹುಟ್ಟಿ, ಗೋಪುರವನ್ನು ಒಂದೇ ದಿಕ್ಕಿಗೆ ಮೂವತ್ತು ಸಲ ತಿರುಗಿಸಿದ. ಒಳಗೆ ಆರು ವೈರೂ ಹೆಣ್ಣುಮಕ್ಕಳ ಜಡೆಯ ಹಾಗೆ ಹೆಣೆದುಕೊಂಡು, ಕೊನೆಗೆ ಟಕ್ಕೆಂದವು. ಮೋಟಾರು ವೈಂಡಿಂಗ್ ಮಾಡುವ ಕಾಕಾನ ಅಂಗಡಿಗೆ ಒಯ್ದೆ. ಸುತ್ತಲೂ ಬೋರಿನ ಪಂಪುಗಳು, ಎಣ್ಣೆ ಹೊಡೆಯುವ ಸ್ಪ್ರೇಯರುಗಳು ಕರುಳು ಹೊರಹಾಕಿ ಬಿದ್ದಿದ್ದವು. ಕಾಕಾ ಟ್ಯಾಂಕನ್ನು ಅಂಗೈಯಲ್ಲಿ ಹಿಡಿದು, "ಎಷ್ಟ ಎಚ್‌ಪಿರಿ ಇದು? ಸ್ಟಾರ್ಟರ್ ಎಲ್ಲೈತಿ?" ಎಂದ. ಒಳಗಿನದನ್ನು ನೋಡಿದವನೇ ಗಂಭೀರನಾದ. "ಇದಕ್ಕ ಸ್ಲಿಪ್ ರಿಂಗ್ ಬೇಕ್ರಿ. ತಿರಗೂದಕ್ಕ ನೇರ ವೈರ್ ಕಟ್ಟತಾರೇನ್ರಿ, ಶಾಣ್ಯಾರಾಗಿ?" ಹಿತ್ತಾಳೆಯ ಬಳೆಗಳ ಮೇಲೆ ಸಣ್ಣ ನಾಲಿಗೆಗಳು ಸವರುತ್ತಾ ಕರೆಂಟು ದಾಟಿಸುವ ಆ ಯುಕ್ತಿಯನ್ನು ಅವನು ಹತ್ತಾರು ವರ್ಷದಿಂದ ಗಿರಣಿಯ ಮೋಟಾರುಗಳಲ್ಲಿ ನೋಡಿದವ. ಸಣ್ಣದೊಂದನ್ನು ತರಿಸಿ ಕೂಡಿಸಿಕೊಟ್ಟ. ನೂರೈವತ್ತು ರೂಪಾಯಿ, ಮೇಲೆ ಅಂಗಡಿಯ ಮಂದಿಯೆಲ್ಲ ಒಂದೊಂದು ಸಲ ಓಡಿಸಿ ನೋಡಿದ್ದು ಬಾಡಿಗೆ.

ಎಲ್ಲ ಜೋಡಿಸಿದ ಮೇಲೆ ಹನ್ನೊಂದು ಸ್ಕ್ರೂ ಉಳಿದವು. ಎಣಿಸಿದೆ, ಮತ್ತೆ ಎಣಿಸಿದೆ. ಹನ್ನೆರಡಿದ್ದವು; ಒಂದು ಉಪ್ಪಿಟ್ಟಿನಲ್ಲಿ ಸಿಕ್ಕಿದ ಬಗ್ಗೆ ಇಲ್ಲಿ ಹೇಳುವುದಿಲ್ಲ.

ಇನ್ನು ಉದ್ಘಾಟನೆ. ರಾಣೆಬೆನ್ನೂರಿನಿಂದ ಹೆಂಡತಿಯ ತಮ್ಮ ಬಂದಿದ್ದ. ಬೀಜದ ವ್ಯಾಪಾರದಲ್ಲಿ ಕಾರು ಕೊಂಡವ. ಅವನ ಕಾರಿಗೆ ಕೀಲಿ ಚುಚ್ಚದೆಯೇ ಗುಂಡಿ ಒತ್ತಿದರೆ ಚಾಲೂ ಆಗುತ್ತದೆ ಎಂದು ಹೋದ ಸಲ ಮೂರು ಬಾರಿ ಒತ್ತಿ ತೋರಿಸಿದ್ದ. ಈ ಸಲ ನನ್ನ ಸರದಿ. ಭಾನುವಾರ ಬೆಳಿಗ್ಗೆ, ಅಂಗಳ, ಓಣಿಯ ಹುಡುಗರು, ಮೊಬೈಲಿನಲ್ಲಿ ವಿಡಿಯೊ. ಅಂಗಳದ ಅರ್ಧ ಭಾಗದಲ್ಲಿ ಹಳೇ ಸೀರೆ ಹಾಸಿ, ವರ್ಷದ ಖಾರಪುಡಿಗೆಂದು ಹೆಂಡತಿ ಹತ್ತು ಕಿಲೋ ಡಬ್ಬಿ ಮೆಣಸಿನಕಾಯಿ ಒಣಹಾಕಿದ್ದಳು. ಬ್ಯಾಡಗಿ ಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಬಣ್ಣ ಭಾರಿ, ಖಾರ ಕಮ್ಮಿ ಎಂಬುದು ಅದರ ಕೀರ್ತಿ. ಊರ ಗಂಡಸರ ಗುಣವೂ ಅದೇ ಎನ್ನುವುದು ನನ್ನ ಹೆಂಡತಿ.

"ನೀರಿನ ಮೋಟರ್ ಚಾಲೂ ಮಾಡೇನಿ. ಹತ್ತ ನಿಮಿಷಕ್ಕ ಬಂದ್ ಮಾಡ್ರಿ" ಎಂದು ಅವಳು ಒಳಗಿನಿಂದ ಕೂಗಿದಳು. "ಹೂಂ" ಎಂದೆ. ಲೋಕದ ಎಷ್ಟೋ ಅನಾಹುತಗಳ ಮೂಲದಲ್ಲಿ ಒಬ್ಬ ಗಂಡನ ಹೂಂ ಇರುತ್ತದೆ.

ಷರ್ಮನ್ನು ಗುಡುಗುಡು ಸದ್ದು ಮಾಡುತ್ತಾ ಹೊರಟಿತು. ಗೋಪುರ ತಿರುಗಿತು, ತೋಪು ಏರಿತು, ಹಿಂದಿನಿಂದ ಹೊಗೆ ಬಂತು. ಹೀಟರಿಗೆ ಸುತ್ತಿದ ಬತ್ತಿ, ಎರಡು ಹನಿ ಎಣ್ಣೆ, ಊದಲು ಪುಟ್ಟ ಫ್ಯಾನು, ಅಷ್ಟೇ ಅದರ ಒಳಗುಟ್ಟು. "ಮಾಮಾ, ಭಾರಿ ಮಾಡೀರಿ ಬಿಡ್ರಿ!" ಎಂದ ಹೆಂಡತಿಯ ತಮ್ಮ. ಆ ಮಾತಿಗಾಗಿಯೇ ನಾನು ಇಪ್ಪತ್ತೆರಡು ಸಾವಿರ ಸುರಿದಿದ್ದೆ. ಎದೆಯುಬ್ಬಿಸಿ ಟ್ಯಾಂಕನ್ನು ನನ್ನತ್ತ ಹೊರಳಿಸಿದೆ. ಇಲ್ಲೊಂದು ಸೂಕ್ಷ್ಮ ಇದೆ. ಟ್ಯಾಂಕು ನಮ್ಮಿಂದ ದೂರ ಹೋಗುವಾಗ ನಮ್ಮ ಎಡವೇ ಅದರ ಎಡ. ನಮ್ಮ ಕಡೆ ಬರುವಾಗ ನಮ್ಮ ಎಡ ಅದರ ಬಲ. ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ನಾನು ಮೆಣಸಿನಕಾಯಿ ತಪ್ಪಿಸಲು ಎಡಕ್ಕೆ ಒತ್ತಿದೆ. ಅದು ಪ್ರಾಮಾಣಿಕವಾಗಿ ತನ್ನ ಎಡಕ್ಕೆ ಹೊರಳಿ ನೇರ ರಾಶಿಗೆ ನುಗ್ಗಿತು. ಗಾಬರಿಯಲ್ಲಿ ಇನ್ನಷ್ಟು ಎಡಕ್ಕೆ ಒತ್ತಿದೆ.

ಚೈನುಗಳು ಕಾಯಿ ಅಗಿದು ಬೀಜ ಉಗುಳಿದವು. ಪುಡಿ ಹೋಗಿ ಬಿಸಿ ಬತ್ತಿಯ ಮೇಲೆ ಕೂತಿತು. ಫ್ಯಾನು ತನ್ನ ಕರ್ತವ್ಯ ಮಾಡಿತು. ಬ್ಯಾಡಗಿ ಕಾಯಿಗೆ ಖಾರ ಕಮ್ಮಿ ಎಂದವರು ಅದನ್ನು ಸುಟ್ಟು ನೋಡಿಲ್ಲ. ಓಣಿಯ ಹುಡುಗರು ದಿಕ್ಕಾಪಾಲಾಗಿ ಓಡಿದರು. ಹೆಂಡತಿಯ ತಮ್ಮ ಕಾರಿನೊಳಗೆ ಕುಳಿತು ಗಾಜು ಏರಿಸಿಕೊಂಡ. ನಾನು ಸೀನುತ್ತಾ, ಪ್ರತಿ ಸೀನಿಗೂ ಕೋಲು ಮುಂದಕ್ಕೆ ತಳ್ಳುತ್ತಾ, ರಾಶಿಯ ನಡುವಿಗೆ ತಲುಪಿದೆ. ಅಷ್ಟರಲ್ಲಿ ಹತ್ತು ನಿಮಿಷ ಹೋಗಿ ನಲವತ್ತಾಗಿತ್ತು. ಮಾಳಿಗೆಯ ಹಳೇ ಟ್ಯಾಂಕು ತುಂಬಿ, ಉಕ್ಕಿ, ದೋಣಿಯ ಪೈಪಿನಿಂದ ಧೋ ಎಂದು ಅಂಗಳಕ್ಕೆ ಇಳಿಯಿತು. ಸೀರೆ ತೇಲಿತು. ಹತ್ತು ಕಿಲೋ ಡಬ್ಬಿ ಕಾಯಿ ತೇಲಿದವು. ಗೆದ್ದವರ ಕಡೆಯ ಷರ್ಮನ್ನು, ಸೋತ ಪ್ಯಾಟನ್ನಿನ ಹಾಗೆ, ಕೆಂಪು ರಾಡಿಯಲ್ಲಿ ಹೂತು ಒಮ್ಮೆ ಗುರ್ ಎಂದು ಸುಮ್ಮನಾಯಿತು. ಅಪ್ಪನ ಫೋಟೋ ಪಡಸಾಲೆಯ ಗೋಡೆಯ ಮೇಲಿಂದ ಎಲ್ಲವನ್ನೂ ನೋಡುತ್ತಿತ್ತು.

ಕೆಟ್ಟು ನಿಂತ ಟ್ಯಾಂಕನ್ನು ಎಳೆದು ತರುವುದಕ್ಕೆಂದೇ ಸೈನ್ಯದಲ್ಲಿ ಬೇರೆ ವಾಹನ ಇರುತ್ತದೆ. ನಮ್ಮ ಕೆಜಿಎಫ್‌ನ ಬಿಇಎಂಎಲ್‌ನವರು ಅಂಥದ್ದನ್ನು ಮಾಡುತ್ತಾರೆ. ನಮ್ಮ ಮನೆಯಲ್ಲಿ ಅವ್ವ ಮೂಗಿಗೆ ಸೆರಗು ಹಿಡಿದು ಬಂದು, ತನ್ನ ಊರುಗೋಲಿನ ಕೊಕ್ಕೆಯನ್ನು ತೋಪಿಗೆ ಸಿಕ್ಕಿಸಿ ಎಳೆದುಹಾಕಿದಳು. ಹೆಂಡತಿ ಮೋಟಾರು ಬಂದ್ ಮಾಡಿ ಬಂದವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಮ್ಮನ ಕಾರಿನ ಗಾಜು ತಟ್ಟಿ, "ಪ್ಯಾಟಿಗಿ ಹೋಗಿ ಒಂದ್ ಟ್ಯಾಂಕ್ ತರೂಣ ನಡಿ" ಎಂದಳು.

ಮಧ್ಯಾಹ್ನಕ್ಕೆ ಸಾವಿರ ಲೀಟರಿನ ಹೊಸ ಟ್ಯಾಂಕು ಟಂಟಂ ಗಾಡಿಯಲ್ಲಿ ಬಂತು. ಮಾಳಿಗೆಗೆ ಏರಿಸಿದವನು ನಾನೇ. ಇಡೀ ವರ್ಷದ ಸಾರಿಗೆ ಬೇರೆ ಕಾಯಿ ಕೊಳ್ಳಬೇಕಾಯಿತು. ಅದರ ಲೆಕ್ಕ ನನ್ನ ಖಾತೆಗೆ ಬಿದ್ದಿದೆ. ಷರ್ಮನ್ನನ್ನು ಮೂರು ದಿನ ಬಿಸಿಲಿಗೆ ಇಟ್ಟೆವು. ಎಡಚೈನು ಓಡುತ್ತದೆ, ಬಲದ್ದು ಓಡುವುದಿಲ್ಲ. ಹೀಗಾಗಿ ಬಿಟ್ಟರೆ ಮತ್ತೆ ಪ್ರದಕ್ಷಿಣೆಯೇ. ಅದರ ತೋಪಿಗೆ ಹೆಂಡತಿ ಒಂದು ನಿಂಬೆಹಣ್ಣು, ಏಳು ಮೆಣಸಿನಕಾಯಿ ಕಟ್ಟಿ, ಹೊಸ ನೀರಿನ ಟ್ಯಾಂಕಿಗೆ ದೃಷ್ಟಿಯಾಗದಿರಲೆಂದು ಮಾಳಿಗೆಯ ಮೇಲೆ ಕಾವಲಿಗೆ ನಿಲ್ಲಿಸಿದ್ದಾಳೆ.

ಹನ್ನೊಂದು ಸ್ಕ್ರೂ ಇನ್ನೂ ನನ್ನ ಬಳಿ ಇವೆ. ಬೇಕಾದವರು ಬಂದು ಒಯ್ಯಿರಿ. ಸೋಮವಾರ, ಗುರುವಾರ ಮಾತ್ರ ಬೇಡ, ಪೇಟೆ ಇರುತ್ತದೆ.